ಮಂಜನ ಕಾರಿನ ಮಂಕು ದೀಪ

ನನ್ನ ಮೊಮ್ಮಗಳು ಚೈತ್ರ ಅವಳಪ್ಪನ ಕಾರಿನ ದೀಪದ ರೋಗ ಏನೆಂದು ಕಂಡುಹಿಡಿದುಬಿಟ್ಟಳು! ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ನಿಂತಾಗ ಫಳಫಳ ಉರಿಯುವುದು, ರಸ್ತೆಗೆ ಇಳಿದು ಓಡತೊಡಗಿದರೆ ಮಂಕಾಗುವುದು. ವರ್ಷದ ಮೇಲಾಯಿತು, ಆ ಕಾರು ನಮ್ಮನೆಯ ಎಲ್ಲರ ತಲೆ ತಿಂದು. ನಿನ್ನೆ ಕಲ್ಯಾಣದುರ್ಗದಲ್ಲಿ, ನನ್ನ ಕಣ್ಣೆದುರಿಗೇ, ಆ ಹುಡುಗಿ ಅದರ ಬೇರಿಗೆ ಕೈಹಾಕಿದಳು. ನಾನು ಸಂಜೆ ಬಸ್ಸಿಗೇ ಹತ್ತಿ ಹಿಂದೂಪುರಕ್ಕೆ ಬಂದೆ, "ಸಾವಿತ್ರೀ, ನಿನ್ನ ಮೊಮ್ಮಗಳು ಹಿಡಿದ್ಬುಟ್ಳು ಕಣೇ" ಅಂತ ಹೇಳುವುದಕ್ಕೇ ಬಂದೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದಳು ನನ್ನ ಹೆಂಡತಿ. ಫೋನಿನಲ್ಲಿ ಹೇಳಿದ್ದರೆ ಅವಳ ಮುಖ ಅರಳಿದ್ದು ನನಗೆ ಕಾಣುತ್ತಿತ್ತೇ?

ಇವತ್ತು ಅಮಾವಾಸ್ಯೆ. ಮಗ ಮಂಜುನಾಥ ಕಲ್ಯಾಣದುರ್ಗದಿಂದ ಕುಂದುರ್ಪಿಗೆ ಬಾಡಿಗೆ ಹೋಗಿದ್ದಾನೆ. ಅಲ್ಲಿಂದ ಹಿಂದಿರುಗಿ, ಮಗಳನ್ನು ಕೂರಿಸಿಕೊಂಡು, ಬೇಕೆಂದೇ ಹೊತ್ತು ಇಳಿಯುವ ಲೆಕ್ಕದಲ್ಲಿ ಹೊರಟು ಸಂಜೆಗೆ ಇಲ್ಲಿಗೆ ಬರುತ್ತಾನೆ. ದಾರಿಯಲ್ಲಿ ದೀಪ ಮಂಕಾಗದೆ ಬಂದರೆ ಇಲ್ಲಿನ ಬಸ್ ನಿಲ್ದಾಣದ ಹತ್ತಿರ ಇರುವ, ಗಾಡಿಗಳ ಕರೆಂಟು ಕೆಲಸದ ನನ್ನ ಹಳೇ ಅಂಗಡಿ ಚೈತ್ರನ ಪಾಲು. ಮಂಕಾದರೆ ಅದನ್ನು ಬಾಡಿಗೆಗೆ ಕೇಳುತ್ತಿರುವ ಮೊಬೈಲ್ ಮಾರುವವನ ಪಾಲು. ಮಂಜ ಆಡಿದ ಮಾತು ಹಾಗಿದೆ. ಹೋದ ತಿಂಗಳು ಇದೇ ಪಡಸಾಲೆಯಲ್ಲಿ ಕೂತು ಅಂದಿದ್ದ:

"ಅಪ್ಪಾ, ಹೆಣ್ಮಗು ಬಸ್ ಸ್ಟ್ಯಾಂಡ್ ತಾವ ಶಟರ್ ಎತ್ಕಂಡು ಲಾರಿ ಡ್ರೈವರ್‌ಗಳ ಮಧ್ಯೆ ಕೂತ್ಕಬೇಕಾ? ಯಾರು ಬತ್ತಾರೆ ಅವಳತ್ರ ಗಾಡಿ ತಗಂಡು?"

"ಮೊದ್ಲು ನೀನು ತಗಂಡೋಗ್ಲಾ," ಅಂದೆ.

ಅವನು ನಕ್ಕ. "ಆಗ್ಲಿ. ದೊಡ್ಡ ವರ್ಕ್‌ಶಾಪ್ನೋರ ಕೈಲೇ ಆಗಿಲ್ಲ. ಅವಳು ನನ್ ಗಾಡಿ ದೀಪ ಸರಿ ಮಾಡ್ಲಿ, ಅಂಗಡಿ ಬೀಗದ ಕೈ ಅವಳ ಕೈಗೇ ಕೊಟ್ಬುಡ್ತೀನಿ."

ಆ ಬೀಗದ ಕೈ ಅವನ ಕಾರಿನ ಕೀಲಿಯ ಜೊತೆಗೇ ಒಂದೇ ಬಳೆಯಲ್ಲಿ ತೂಗಾಡುತ್ತಿದೆ. ನನ್ನ ಕಣ್ಣಿಗೆ ಪೊರೆ ಬಂದು, ಬೆರಳು ಬಿಗಿದುಕೊಂಡು, ನಾನು ಅಂಗಡಿಗೆ ಹೋಗುವುದನ್ನು ಬಿಟ್ಟಾಗಿನಿಂದ ಅದು ಅಲ್ಲೇ ಇದೆ.

ಸಂಜೆಯವರೆಗೆ ಸುಮ್ಮನೆ ಕೂರಲು ನನ್ನಿಂದಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಿ. ಗಾಡಿಗಳ ಕರೆಂಟು ಕೆಲಸಕ್ಕೆ ಈಗ ಕಾಲಿಡುತ್ತಿರುವ ಮಕ್ಕಳಿಗೆ ಇದು ಏನಾದರೂ ಉಪಯೋಗಕ್ಕೆ ಬರಬಹುದು.

ನಾನು ನೇಯುವವರ ಮನೆಯವನು. ಮನೆಯಲ್ಲಿ ಒಂದು ಮಗ್ಗ, ನಾವು ಅಣ್ಣತಮ್ಮಂದಿರು ಮೂವರು. ಮದುವೆಯಾದ ಮೇಲೆ ನನಗೆ ಮಗ್ಗದಲ್ಲಿ ಜಾಗವಿಲ್ಲ ಎಂಬುದು ಯಾರೂ ಬಾಯಿಬಿಟ್ಟು ಹೇಳದೆಯೇ ನನಗೆ ಗೊತ್ತಾಯಿತು. ಹಿಂದೂಪುರದಲ್ಲಿ ಖಾದರ್ ಸಾಬರು ಎಂಬ ಎಲೆಕ್ಟ್ರಿಷಿಯನ್ ಇದ್ದರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಅವರ ಮುಂದೆ ಹೋಗಿ ನಿಂತೆ.

"ಏನ್ ಕೆಲ್ಸ ಬರ್ತದೆ ನಿನಗೆ?" ಎಂದು ಕೇಳಿದರು.

"ನೇಯಾದು ಸಾಬ್."

"ಮಗ್ಗದ ಹಾಸಿನಾಗೆ ಎಳೆ ತುಂಡಾದ್ರೆ ಎಂಗ್ ಹುಡುಕ್ತೀಯ? ಕಣ್ಣಲ್ಲಾ?"

"ಇಲ್ಲ ಸಾಬ್. ಅಂಗೈ ಆಡಿಸ್ತೀವಿ. ಸಡಿಲಾಗಿರೋ ಎಳೆ ಕೈಗೆ ಗೊತ್ತಾಯ್ತದೆ."

ಉಸ್ತಾದರು ಪಕ್ಕದಲ್ಲಿ ನಿಂತಿದ್ದ ಲಾರಿಯ ಬಾನೆಟ್ ಎತ್ತಿ, ಒಳಗಿನ ವೈರುಗಳ ಕಟ್ಟನ್ನು ತೋರಿಸಿದರು. "ಇದೂ ಹಾಸೇ. ಬಾ," ಅಂದರು. ನನ್ನ ಇಂಟರ್‌ವ್ಯೂ ಅಷ್ಟೇ. ಆ ದೊಡ್ಡ ಮನುಷ್ಯ ಅವತ್ತು ನನ್ನಲ್ಲಿ ಇಲ್ಲದ್ದನ್ನು ಕೇಳದೆ ಇದ್ದದ್ದನ್ನೇ ಕೇಳಿದರು. ಅದಕ್ಕೆ ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಕೈ ಆಡಿಸುವುದು ನಿಜವಾಗಿಯೂ ಈ ಕೆಲಸದ ಅರ್ಧ. ದೀಪ ಮಂಕು ಎಂದರೆ ಕರೆಂಟು ಎಲ್ಲೋ ದಾರಿಯಲ್ಲಿ ಸೋರಿಹೋಗುತ್ತಿದೆ ಎಂದು. ಸಡಿಲಾದ ಜಾಯಿಂಟಾದರೆ ಅಲ್ಲಿ ಬಿಸಿ ಹುಟ್ಟುತ್ತದೆ. ದೀಪ ಹಚ್ಚಿ ಬಿಟ್ಟು, ಆಮೇಲೆ ಒಂದೊಂದು ಜಾಯಿಂಟನ್ನೂ ಮುಟ್ಟುತ್ತಾ ಹೋಗಬೇಕು. ಬೆಚ್ಚಗಿದೆ ಅನ್ನಿಸಿದ ಕಡೆ ನಿಲ್ಲಬೇಕು. ಮೀಟರು ಬಂದ ಮೇಲೂ ನಾನು ಮೊದಲು ಕೈ ಆಡಿಸಿಯೇ ಮೀಟರು ಹಿಡಿಯುತ್ತಿದ್ದೆ.

ಉಸ್ತಾದರದ್ದು ಇನ್ನೊಂದು ಪದ್ಧತಿ. ಓಡುವಾಗ ದೀಪ ಮಂಕಾಗುತ್ತದೆ ಎಂದು ಗಾಡಿ ಬಂದರೆ ಅವರು ಸ್ಪಾನರ್ ಮುಟ್ಟುತ್ತಿರಲಿಲ್ಲ. ಡ್ರೈವರ್ ಪಕ್ಕದಲ್ಲಿ ನಮ್ಮನ್ನು ಕೂರಿಸಿ, "ಒಂದು ರೌಂಡ್ ಹೋಗ್ಬಾ. ಅವನ ಬಾಯಿ ನೋಡ್ಬೇಡ, ಕಾಲು ನೋಡು," ಅನ್ನುತ್ತಿದ್ದರು. ಅದರ ಅರ್ಥ ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಬ್ರೇಕಿನ ಮೇಲೆ ಕಾಲಿಟ್ಟಾಗ ಮಂಕಾಗುತ್ತದೋ, ಆಕ್ಸಿಲರೇಟರ್ ಬಿಟ್ಟು ಇಂಜಿನ್ ನಿಧಾನವಾದಾಗ ಮಂಕಾಗುತ್ತದೋ, ಒತ್ತಿದಾಗ ಮಂಕಾಗುತ್ತದೋ, ಇಲ್ಲ ಕಾಲು ಏನು ಮಾಡಿದರೂ ಹೊತ್ತು ಹೋದಂತೆಲ್ಲ ತಾನೇ ಇಳಿಯುತ್ತದೋ. ಒಂದೊಂದಕ್ಕೂ ಕಾರಣ ಬೇರೆ. ಡ್ರೈವರನ್ನು ಕೇಳಿದರೆ ಎಲ್ಲದಕ್ಕೂ ಒಂದೇ ಉತ್ತರ: "ಡಲ್ ಆಗ್ತದಣ್ಣಾ, ಬ್ಯಾಟ್ರಿ ನೋಡು."

ಹಗಲಲ್ಲಿ ಬಂದ ಗಾಡಿಯ ದೀಪ ಮಂಕಾಗಿದೆಯೋ ಇಲ್ಲವೋ ಬಿಸಿಲಿನಲ್ಲಿ ಕಾಣುವುದಿಲ್ಲವಲ್ಲ. ಅದಕ್ಕೂ ಉಸ್ತಾದರು ಉಪಾಯ ಮಾಡಿದ್ದರು. ಕುಂದುರ್ಪಿ ಕಡೆಯ ಕುರುಬಣ್ಣನೊಬ್ಬ ಕೊಟ್ಟ ಕರೀ ಕಂಬಳಿ ಅಂಗಡಿಯಲ್ಲಿತ್ತು. ಅದನ್ನು ಗಾಡಿಯ ಮೂತಿಗೆ ಹೊದಿಸಿ, ನಾವೂ ಅದರೊಳಗೆ ತಲೆ ತೂರಿಸಿ ಕೂರುವುದು. ಒಳಗೆ ಗವ್ವೆನ್ನುವ ಕತ್ತಲು. ಹೊರಗಿನಿಂದ ಇನ್ನೊಬ್ಬರು ಇಂಜಿನ್ ಏರಿಸಿ ಇಳಿಸಿ ಮಾಡಿದರೆ ದೀಪದ ಒಂದೊಂದು ಉಸಿರೂ ಕಾಣುತ್ತಿತ್ತು. ಉಣ್ಣೆ ವಾಸನೆ, ಬೆವರು, ಮೂಗಿಗೆ ಪೆಟ್ರೋಲು. ರಸ್ತೆಯಲ್ಲಿ ಹೋಗುವವರು ಸುಮ್ಮನಿರುತ್ತಿದ್ದರೇ?

"ಏಂ ಸಾಬೂ, ಲಾರೀಗೆ ಫೋಟೋ ತೆಗೀತಿದ್ದೀರಾ?"

"ಹೂಂ. ಆಧಾರ್ ಕಾರ್ಡಿಗೆ," ಎಂದು ನಾನೊಮ್ಮೆ ಒಳಗಿನಿಂದಲೇ ಕೂಗಿದ್ದೆ. ಅದು ಆಮೇಲಿನ ಕಾಲದ ಮಾತು, ಆಗ ಉಸ್ತಾದರು ಇರಲಿಲ್ಲ. ಇದ್ದಿದ್ದರೆ ನಗುತ್ತಿದ್ದರು.

ಮುಂದೆ ಉಸ್ತಾದರು ಕಲ್ಯಾಣದುರ್ಗದಲ್ಲಿ ಇನ್ನೊಂದು ಅಂಗಡಿ ಇಟ್ಟು, ಆ ಕಂಬಳಿಯನ್ನೂ ಕೊಟ್ಟು ನನ್ನನ್ನು ಅಲ್ಲಿಗೆ ಕಳಿಸಿದರು. ಆ ಊರಿನಲ್ಲಿ ನಾನು ಕಂಡ ಗಾಡಿಗಳ ಕಥೆ ಹೇಳತೊಡಗಿದರೆ ಸಾವಿತ್ರಿ ಸಂಜೆಗೆ ಮಾಡುವ ಹೋಳಿಗೆ ಆರಿಹೋದೀತು. ಎರಡನ್ನು ಮಾತ್ರ ಹೇಳುತ್ತೇನೆ.

ಒಂದು, ಕಂಬದೂರಿನ ಟೆಂಪೋ. ಕುರಿ ಸಾಗಿಸುವ ಗಾಡಿ. ಡ್ರೈವರ್ ಬಂದು, "ದೀಪ ಅಗರಬತ್ತಿ ಅಂಗಾಗದೆ ಕಣಣ್ಣ. ಬರ್ತಾ ಬರ್ತಾ ಪೂರ್ತಿ ಹೋಯ್ತದೆ," ಅಂದ. ಬಾನೆಟ್ ಎತ್ತಿದೆ. ಘಮ್ ಅಂತ ಬೋಂಡಾ ಕರಿದ ವಾಸನೆ. ಅವತ್ತು ಉಸ್ತಾದರೂ ಅಲ್ಲೇ ಇದ್ದರು. ಬಗ್ಗಿ ನೋಡಿ, ಮೂಗು ಅರಳಿಸಿ, ಬಹಳ ಗಂಭೀರವಾಗಿ ಕೇಳಿದರು: "ಬೋಂಡಾ ಎಲ್ಲಪ್ಪಾ? ನಮಗೂ ಎರಡು ಕೊಡು."

ಆಗಿದ್ದೇನೆಂದರೆ, ಬ್ಯಾಟರಿಗೆ ಕರೆಂಟು ತುಂಬುವ ಡೈನಮೋ ತಿರುಗಿಸುವ ಬೆಲ್ಟು ಕಿರ್ರೆಂದು ಕೂಗುತ್ತಿತ್ತಂತೆ. ಕುರಿಗಳು ಬೆದರುತ್ತವೆ ಎಂದು ಈ ಮಹಾನುಭಾವ ಮನೆಯ ಕಡ್ಲೆಕಾಯಿ ಎಣ್ಣೆಯನ್ನು ಬೆಲ್ಟಿಗೆ ಸುರಿದಿದ್ದ. ಕೂಗು ನಿಂತಿತು. ಬೆಲ್ಟು ಜಾರುತ್ತಾ ಡೈನಮೋ ತಿರುಗುವುದೂ ನಿಂತಿತು. ದೀಪ ಬರೀ ಬ್ಯಾಟರಿ ತಿಂದುಕೊಂಡು ಊರಿಂದ ಊರಿಗೆ ಹೋಗುತ್ತಿತ್ತು.

"ತಪ್ಪೇನ್ ಸಾಬ್? ನಮ್ಮ ಬಾವಿ ರಾಟೆಗೂ ಅದೇ ಹಾಕ್ತೀವಿ," ಅಂದ ಅವನು. ಉಸ್ತಾದರು ಬೈಯಲಿಲ್ಲ. ಬೆಲ್ಟು ಬದಲಾಯಿಸಿ, ಸೀಗೇಪುಡಿ ತರಿಸಿ, ತಿರುಗುವ ಚಕ್ರಗಳ ಜಿಡ್ಡನ್ನೆಲ್ಲ ತಾವೇ ತಿಕ್ಕಿ ತೊಳೆದರು. "ಅವನು ಕುರಿಗೋಸ್ಕರ ಮಾಡ್ದ ಕಣೋ ನಾಗೂ. ಕೆಟ್ಟದ್ದು ಮಾಡೋಕೆ ಮಾಡ್ಲಿಲ್ಲ. ಗಾಡಿ ಕೆಡೋದು ಮುಕ್ಕಾಲು ಪಾಲು ಪ್ರೀತಿಯಿಂದ್ಲೇ," ಅಂದರು ನನಗೆ. ಈ ಮಾತು ನಿನ್ನೆ ನನಗೆ ಮತ್ತೆ ನೆನಪಾಯಿತು. ಯಾಕೆಂದು ಮುಂದೆ ಹೇಳುತ್ತೇನೆ.

ಇನ್ನೊಂದು, ಮದುವೆಯ ಜೀಪು. ಊರಿನ ಕಂಟ್ರಾಕ್ಟರೊಬ್ಬರು ಮಗಳ ದಿಬ್ಬಣಕ್ಕೆಂದು ಜೀಪಿಗೆ ಅಪ್ಪಟ ಹೊಸ ಬಣ್ಣ ಹೊಡೆಸಿದ್ದರು. ಒಳಗೆ ಹೊರಗೆ, ಬಾನೆಟ್ಟಿನ ಕೆಳಗೆ, ಬೋಲ್ಟು ನಟ್ಟಿಗೂ ಸಹ ಬಣ್ಣ. ಮಧ್ಯಾಹ್ನ ಬಂದು ನಿಂತರು. "ದೀಪ ಮಿಣುಮಿಣು ಅಂತಾವೆ. ಪೊದ್ದು ಮುಣುಗೋದ್ರೊಳಗೆ ಹೊರಡಬೇಕು. ಬೇಗ!" ಅಂದರು. ಪೊದ್ದು ಎಂದರೆ ತೆಲುಗಿನಲ್ಲಿ ಹೊತ್ತು. ನಮ್ಮ ಕಡೆ ಅವಸರ ಬಂದರೆ ಎಲ್ಲರಿಗೂ ತೆಲುಗು ಬರುತ್ತದೆ.

ಕೈ ಆಡಿಸಿದೆ. ವೈರು ಚೆನ್ನಾಗಿದೆ, ಬ್ಯಾಟರಿ ಚೆನ್ನಾಗಿದೆ. ಇಲ್ಲಿ ಹೊಸಬರಿಗೆ ಒಂದು ಮಾತು. ದೀಪಕ್ಕೆ ಕರೆಂಟು ಹೋಗಲು ವೈರಿದೆ. ದೀಪದಿಂದ ವಾಪಸ್ಸು ಬರಲು ಗಾಡಿಯ ಕಬ್ಬಿಣದ ಮೈಯೇ ದಾರಿ. ಅದನ್ನೇ ಅರ್ತ್ ಅನ್ನುತ್ತೇವೆ. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ, ಬರುವ ದಾರಿಯನ್ನು ಯಾರೂ ನೋಡುವುದಿಲ್ಲ. ಆ ಜೀಪಿನಲ್ಲಿ ಅರ್ತ್ ವೈರು ಬಿಗಿದ ಜಾಗಕ್ಕೂ ಪೇಂಟರ್ ಎರಡು ಕೋಟು ಬಣ್ಣ ಬಳಿದಿದ್ದ. ಬಣ್ಣದ ಮೇಲೆ ವೈರು ಕೂತರೆ ಕರೆಂಟು ಎಲ್ಲಿಂದ ಬರಬೇಕು? ನಾನು ಚಾಕು ತೆಗೆದು ಕೆರೆಯತೊಡಗಿದೆ.

"ಏಯ್! ಕೊತ್ತ ಪೇಂಟು ರಾ! ಕೊತ್ತ ಪೇಂಟು!" ಎಂದು ಆ ಮನುಷ್ಯ ನನ್ನ ಕೈ ಹಿಡಿದುಕೊಂಡರು. ಹೊಸ ಬಣ್ಣದ ಮೇಲೆ ಅಷ್ಟು ಮಮತೆ.

"ಒಂದು ಬೆರಳಗಲ ಸ್ವಾಮೀ. ಮದುವಣಗಿತ್ತಿಗೆ ಕಾಣಲ್ಲ," ಅಂದೆ.

ಕೆರೆದು, ಬೋಲ್ಟು ಬಿಗಿದು, ಕಂಬಳಿ ಹೊದಿಸಿ, ಅವರನ್ನೇ ಒಳಗೆ ಕರೆದೆ. ದೀಪ ಹಾಕಿದಾಗ ಕಂಬಳಿಯೊಳಗೆ ಅವರ ಮೀಸೆಯ ಒಂದೊಂದು ಕೂದಲೂ ಎಣಿಸಬಹುದಾಗಿತ್ತು. ಹೊರಗೆ ಬಂದವರು ಸೀದಾ, "ನಡೀ, ನೀನೂ ಮದುವೇಗೆ ಬರ್ಬೇಕು," ಎಂದು ನನ್ನನ್ನೂ ಜೀಪಿನಲ್ಲಿ ಹಾಕಿಕೊಂಡು ಹೋದರು. ಗ್ರೀಸ್ ಬಟ್ಟೆಯಲ್ಲೇ ಹೆಣ್ಣಿನ ಕಡೆಯವನಾಗಿ ಊಟಕ್ಕೆ ಕೂತೆ. ಯಾರೂ ಏನೂ ಅನ್ನಲಿಲ್ಲ.

ಆಮೇಲೆ ನಾನು ಹಿಂದೂಪುರಕ್ಕೆ ಮರಳಿ ಬಸ್ ನಿಲ್ದಾಣದ ಹತ್ತಿರ ಸ್ವಂತ ಅಂಗಡಿ ಇಟ್ಟೆ. ಕಾಲ ಕಳೆದಂತೆ ಎಲ್ಲ ಬದಲಾಯಿತು. ಡೈನಮೋ ಹೋಗಿ ಆಲ್ಟರ್ನೇಟರ್ ಬಂತು. ಹಳದಿ ಬೆಳಕು ಹೋಗಿ ಹಾಲಿನಂಥ ಬೆಳಕು ಬಂತು. ಲ್ಯಾಪ್‌ಟಾಪಿಗೆ ತಂತಿ ಜೋಡಿಸಿ ಕಾರನ್ನೇ ಮಾತಾಡಿಸುವ ಹುಡುಗರು ಬಂದರು. ನನಗೆ ಅವರ ಮೇಲೆ ಹೊಟ್ಟೆಕಿಚ್ಚಿಲ್ಲ. ಮಂಜನ ಕಾರನ್ನು ದೊಡ್ಡ ವರ್ಕ್‌ಶಾಪಿಗೆ ಬಿಟ್ಟಾಗ ಅಲ್ಲಿನ ಇಂಜಿನಿಯರ್ ಹುಡುಗ ಲ್ಯಾಪ್‌ಟಾಪ್ ಹಿಡಿದು ಕಾರಿನಲ್ಲೇ ಕೂತು ಊರು ಸುತ್ತಿ, "ಓಡುವಾಗ ಬ್ಯಾಟರಿಗೆ ಚಾರ್ಜಿಂಗ್ ಆಗಾಗ ತಪ್ತಾ ಇದೆ ಅಂಕಲ್. ನಿಂತಾಗ ಎಲ್ಲಾ ಸರಿ. ಎಲ್ಲಿ ತಪ್ತಿದೆ ಗೊತ್ತಾಗ್ತಿಲ್ಲ," ಎಂದು ಮುಚ್ಚುಮರೆಯಿಲ್ಲದೆ ಹೇಳಿದ. ಅವನು ಹೇಳಿದ್ದೇ ನಮಗೆ ಅರ್ಧ ದಾರಿ ತೋರಿಸಿತು. ಅವರು ಆಲ್ಟರ್ನೇಟರ್ ಬದಲಾಯಿಸಿದಾಗ ನಾನೂ ಅದೇ ಸರಿ ಎಂದುಕೊಂಡಿದ್ದೆ. ಬ್ಯಾಟರಿಯೂ ಹೊಸದಾಯಿತು. ಆದರೂ ಮಂಜ ಸಂಜೆಯ ಬಾಡಿಗೆಗಳನ್ನು ಬಿಟ್ಟೇಬಿಟ್ಟಿದ್ದ. ಬೆಳಕಿದ್ದಾಗ ಹೋಗಿ ಬೆಳಕಿದ್ದಾಗ ಬರುತ್ತಿದ್ದ. ಒಂದು ಸಲ ಪೆನುಕೊಂಡದ ಹತ್ತಿರ, ಕಾರಿನಲ್ಲಿ ಹಸುಗೂಸಿನ ತಾಯಿ ಕೂತಿದ್ದಾಗ, ದೀಪ ಇಳಿದು ಎದುರಿನ ಎತ್ತಿನ ಗಾಡಿ ಕಾಣದೇ ಹೋಗಿತ್ತು. ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಅವನ ಎದೆಯಲ್ಲಿ ಆ ಭಯ ಕೂತುಬಿಟ್ಟಿತ್ತು.

ಚೈತ್ರ ಹಿಂದೂಪುರದಲ್ಲಿ ಐಟಿಐ ಮುಗಿಸಿ, ಈಗ ಕಲ್ಯಾಣದುರ್ಗದ ಅದೇ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಉಸ್ತಾದರ ಮಗ ಬಾಷಾ ಈಗ ಅದರ ಮಾಲೀಕ. ಅವಳು ಇರುವುದು ಅಲ್ಲೇ ಇರುವ ಅವಳ ಸೋದರತ್ತೆಯ ಮನೆಯಲ್ಲಿ. ನಿನ್ನೆ ನಾನೂ ಮಂಜನೂ ಕಾರು ತೆಗೆದುಕೊಂಡು ಹೋದೆವು. ಅಂಗಡಿ ಮುಂದೆ ಇಳಿಯುವ ಮೊದಲೇ ಮಂಜ ನನಗೆ ಷರತ್ತು ಹಾಕಿದ.

"ಅಪ್ಪಾ, ನೀನು ಬಾಯಿ ಬಿಡಂಗಿಲ್ಲ. ಕಣ್ಣಲ್ಲೂ ಹೇಳಂಗಿಲ್ಲ."

ನನಗೆ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ ಎಂಬುದು ಬಾಷಾನಿಗೆ ಗೊತ್ತು. ಹುರಿದ ಕಡ್ಲೆಕಾಯಿ ಪೊಟ್ಟಣ ತಂದು ನನ್ನ ಮಡಿಲಿಗೆ ಹಾಕಿ, "ಚಾಚಾ, ಬಾಯಿ ತುಂಬಾ ಇಟ್ಕೋ," ಅಂದ. ನಾನು ಸ್ಟೂಲಿನ ಮೇಲೆ ಕೂತೆ.

ಚೈತ್ರ ಕೂದಲು ಗಂಟು ಹಾಕಿ, ದುಪಟ್ಟಾ ಸೊಂಟಕ್ಕೆ ಬಿಗಿದು ಬಂದಳು. ಬಾನೆಟ್ ಎತ್ತಲಿಲ್ಲ. ಮೀಟರು ಹಿಡಿದು ಸೀದಾ ಅಪ್ಪನ ಪಕ್ಕದ ಸೀಟಿನಲ್ಲಿ ಹೋಗಿ ಕೂತು, "ನಡಿ ಅಪ್ಪಾ, ಒಂದು ರೌಂಡ್," ಅಂದಳು. ನನ್ನ ಬಾಯಲ್ಲಿದ್ದ ಕಡ್ಲೆಕಾಯಿ ಅಲ್ಲೇ ನಿಂತಿತು. ಹೋಗಿ ಬಂದರು. ಇಳಿಯುತ್ತಲೇ ಮಂಜ ನನ್ನ ಕಡೆ ತಿರುಗಿ, "ರೋಡ್ ನೋಡಮ್ಮಾ ಅಂದ್ರೆ ನನ್ನ ಪಾದಾನೇ ನೋಡ್ತಾ ಕೂತವ್ಳೆ," ಎಂದು ದೂರು ಹೇಳಿದ.

"ನೀನು ಗೇರ್ ಹಾಕಿ ಜೋರಾಗಿ ಎತ್ತಿದಾಗೆಲ್ಲಾ ಮೀಟರಲ್ಲಿ ವೋಲ್ಟು ಬೀಳ್ತದೆ ಅಪ್ಪಾ," ಅಂದಳು ಅವಳು. "ನಿಂತ್ಕಂಡು ಎಷ್ಟು ರೇಸ್ ಮಾಡಿದ್ರೂ ಬೀಳಲ್ಲ. ಗಾಡಿ ಎಳೆಯೋವಾಗ ಮಾತ್ರ. ಎಳೆಯೋವಾಗ ಇಂಜಿನ್ ಏನ್ ಮಾಡ್ತದೆ?"

"ಎಳೀತದೆ."

"ಅಲ್ಲಾಡ್ತದೆ."

ಆಮೇಲೆ ಅವಳು ಅಟ್ಟದ ಮೇಲಿಂದ ಏನನ್ನೋ ಎಳೆದಳು. ಅದೇ ಕಂಬಳಿ! ಅಂಚು ತೂತಾಗಿದೆ, ಬಣ್ಣ ಬೂದಿಯಾಗಿದೆ, ಆದರೂ ಅದೇ. ಬಾಷಾ ಅದನ್ನು ಎಸೆಯದೆ ಇಟ್ಟುಕೊಂಡಿದ್ದಾನೆ. ಕಾರಿನ ಮೂತಿಗೆ ಹೊದಿಸಿ ಅವಳು ಒಳಗೆ ಸೇರಿಕೊಂಡಳು. "ಬಾಷಾ ಚಾಚಾ, ಕೈಬ್ರೇಕ್ ಎಳೆದು, ಕಾಲಲ್ಲೂ ಬ್ರೇಕ್ ಒತ್ತಿ, ಫಸ್ಟ್ ಗೇರ್ ಹಾಕಿ, ಕ್ಲಚ್ ಚೂರೇ ಬಿಡಿ," ಎಂದು ಒಳಗಿನಿಂದ ಕೂಗಿದಳು. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟಿದ್ದರು. ಕಾರು ಮುಂದೆ ಹೋಗಲಾರದೆ ಗುರುಗುಟ್ಟಿತು, ಇಂಜಿನ್ ತನ್ನ ರಬ್ಬರಿನ ಮೇಲೆ ಒಂದು ಪಕ್ಕಕ್ಕೆ ವಾಲಿತು.

"ಮಂಕಾಯ್ತು!" ಎಂದು ಕಂಬಳಿ ಕಿರುಚಿತು.

ಕಲ್ಯಾಣದುರ್ಗದ ಬಜಾರಿನಲ್ಲಿ, ನಡುಹಗಲಿನಲ್ಲಿ, ಓಡದೇ ನಿಂತ ಕಾರಿನಲ್ಲಿ ಓಡುವ ಕಾರಿನ ರೋಗವನ್ನು ಅವಳು ಕರೆಸಿಕೊಂಡಿದ್ದಳು. ನನಗೆ ಇದು ಹೊಳೆದಿರಲಿಲ್ಲ. ನಾನಾಗಲಿ ಉಸ್ತಾದರಾಗಲಿ ಹೀಗೆ ಮಾಡಿದ್ದಿಲ್ಲ. ಅವಳೇ ಯೋಚಿಸಿದ್ದು. ಸಂತೋಷಕ್ಕೆ ನನಗೆ ಕೆಮ್ಮು ಬಂದು, ಬಾಷಾನ ಹೆಂಡತಿ ನೀರು ತಂದುಕೊಟ್ಟಳು.

ಅವಳು ಜೇಬಿನಿಂದ ಟಾರ್ಚಿನ ಪುಟ್ಟ ಬಲ್ಬು ತೆಗೆದಳು. ಎರಡು ವೈರು ಬೆಸೆದ ಬಲ್ಬು, ನಾನು ಕೊಟ್ಟಿದ್ದು, ನನಗೆ ಉಸ್ತಾದರು ಕೊಟ್ಟಿದ್ದು. ಒಂದು ವೈರನ್ನು ಇಂಜಿನ್ನಿನ ಮೈಗೆ, ಇನ್ನೊಂದನ್ನು ಕಾರಿನ ಮೈಗೆ ಕಚ್ಚಿಸಿದಳು. ಎರಡೂ ಕಬ್ಬಿಣ, ಎರಡೂ ಅರ್ತೇ. ಆಲ್ಟರ್ನೇಟರ್ ಕೂತಿರುವುದು ಇಂಜಿನ್ನಿನ ಮೇಲೆ, ಅದಕ್ಕೆ ಕರೆಂಟು ವಾಪಸ್ಸು ಬರುವ ದಾರಿ ಎರಡನ್ನೂ ಜೋಡಿಸುವ ಒಂದು ಪಟ್ಟಿ. ಅದು ಸರಿಯಾಗಿದ್ದರೆ ಆ ಬಲ್ಬು ಎಂದೂ ಉರಿಯಬಾರದು.

"ಅಪ್ಪಾ, ನೀನೇ ಒಳಗೆ ಬಂದು ನೋಡು."

ಮಂಜ ಗೊಣಗುತ್ತಲೇ ಕಂಬಳಿಯೊಳಗೆ ತಲೆ ಹಾಕಿದ. ಅಪ್ಪ ಮಗಳ ನಾಲ್ಕು ಕಾಲು ಮಾತ್ರ ನನಗೆ ಕಾಣುತ್ತಿದ್ದವು. ಬಾಷಾ ಕ್ಲಚ್ ಬಿಟ್ಟ.

"ಉರೀತು," ಅಂತು ಮಂಜನ ದನಿ.

"ಉರೀಬಾರ್ದು."

"ಉರೀತಾ ಅದಲ್ಲಮ್ಮಾ!"

"ಅದೇ ಅಪ್ಪಾ ರೋಗ. ಈಗ ನೋಡು." ದಪ್ಪನೆಯ ಕೇಬಲ್ಲೊಂದರ ಎರಡು ತುದಿಯನ್ನು ಇಂಜಿನ್ನಿಗೂ ಕಾರಿನ ಮೈಗೂ ಕಚ್ಚಿಸಿದಳು. ಪುಟ್ಟ ಬಲ್ಬು ಆರಿತು. ಬಾಷಾ ಎಷ್ಟು ಕ್ಲಚ್ ಬಿಟ್ಟರೂ ಮುಂದಿನ ದೀಪ ಕದಲಲಿಲ್ಲ.

ಕಂಬಳಿ ತೆಗೆದು, ಬ್ಯಾಟರಿ ಇಳಿಸಿ, ಅದರ ಕೆಳಗೆ ಕೈ ತೂರಿಸಿ, ಕಣ್ಣು ಎತ್ತಲೋ ನೋಡುತ್ತಾ ಬೆರಳಾಡಿಸಿದಳು. ನನ್ನ ಅಮ್ಮ ಹಾಸಿನ ಮೇಲೆ ಕೈಯಾಡಿಸುತ್ತಿದ್ದದ್ದೂ ಹೀಗೆಯೇ, ಬೇರೆಲ್ಲೋ ನೋಡುತ್ತಾ. ಇಂಜಿನ್ನನ್ನೂ ಕಾರಿನ ಮೈಯನ್ನೂ ಜೋಡಿಸುವ ತಾಮ್ರದ ಪಟ್ಟಿಯನ್ನು ಬಿಚ್ಚಿ ತಂದು ಅಪ್ಪನ ಅಂಗೈಗೆ ಇಟ್ಟಳು. ಜಡೆಯ ಹಾಗೆ ಹೆಣೆದ ಪಟ್ಟಿ. ಹಸಿರು ಕಿಲುಬು ಹಿಡಿದು, ಎಳೆಗಳೆಲ್ಲ ತುಂಡಾಗಿ, ನಾಲ್ಕೈದು ಎಳೆ ಮಾತ್ರ ಉಳಿದಿದ್ದವು. ಇಂಜಿನ್ ವಾಲಿದಾಗ ತುಂಡಾದ ಎಳೆಗಳು ಬಿಟ್ಟುಕೊಳ್ಳುತ್ತಿದ್ದವು, ನಿಂತಾಗ ಒಂದಕ್ಕೊಂದು ತಾಗಿಕೊಳ್ಳುತ್ತಿದ್ದವು.

"ಇಷ್ಟೊಂದು ಕಿಲುಬು ಎಂಗಮ್ಮಾ? ಕಾರೇನು ಕೆರೇಲಿ ನಿಲ್ಸಿದ್ನಾ?" ಅಂದ ಮಂಜ.

ಅವಳು ದುಪಟ್ಟಾದ ತುದಿಗೆ ಕೈ ಒರೆಸಿಕೊಂಡಳು. ಆಮೇಲೆ ಮೆತ್ತಗೆ ಕೇಳಿದಳು. "ಅಪ್ಪಾ, ಅಮಾಸೆ ಅಮಾಸೆಗೆ ಕಾಯಿ ಒಡೀತೀಯಲ್ಲ, ನೀರು ಎಲ್ಲಿಗೆ ಬಿಡ್ತೀಯ?"

"ಎಲ್ಲಿಗೆ ಅಂದ್ರೆ? ಇಂಜಿನ್‌ಗೆ. ಬಾನೆಟ್ ಎತ್ತಿ, ವಿಭೂತಿ ಇಟ್ಟು, ಮೊದಲ್ನೇ ನೀರು ಇಂಜಿನ್‌ಗೇ ಬಿಡೋದು. ಅನ್ನ ಹಾಕೋದು ಅದೇ ಅಲ್ವಾ…"

ಮಂಜ ಅಂಗೈಯಲ್ಲಿದ್ದ ಹಸಿರು ಪಟ್ಟಿಯನ್ನು ನೋಡಿದ. ಎಳನೀರಿನಂಥ ಕಾಯಿನೀರು ತಾಮ್ರಕ್ಕೆ ಎಂಥ ವಿಷ ಎಂದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ಕಾರು ಕೊಂಡಾಗಿನಿಂದ ಅವನು ಒಂದು ಅಮಾವಾಸ್ಯೆಯನ್ನೂ ತಪ್ಪಿಸಿಲ್ಲ. ಬಾಷಾ ಆಕಾಶ ನೋಡಿದ. ನಾನು ಕಡ್ಲೆಕಾಯಿಯ ಸಿಪ್ಪೆ ನೋಡಿದೆ. ಕುರಿಗಾಡಿಯ ಡ್ರೈವರನ ಮುಂದೆ ಉಸ್ತಾದರು ಆಡಿದ ಮಾತು ನೆನಪಾದದ್ದು ಆಗಲೇ.

"ದೇವ್ರು ಏನೂ ಅಂದ್ಕಳಲ್ಲ ಅಪ್ಪಾ," ಅಂದಳು ಚೈತ್ರ. "ತಾಮ್ರ ಅಂದ್ಕಳ್ತದೆ."

ಮಂಜ ನಗಲಿಲ್ಲ. ಪಟ್ಟಿಯನ್ನು ಸ್ಟೂಲಿನ ಮೇಲಿಟ್ಟು, ಟೀ ಕುಡಿಯಲು ಎಂದು ಒಬ್ಬನೇ ಎದ್ದು ಹೋದ. ಬಹಳ ಹೊತ್ತಿನ ಮೇಲೆ ಬಂದು, "ಹೊಸಾ ಪಟ್ಟಿ ಕಟ್ಟು. ರೋಡಲ್ಲಿ ನೋಡ್ತೀನಿ. ಅಂಗಡಿ ಮಾತು ಆಮೇಲೆ," ಅಂದ. ಹೊಸ ಪಟ್ಟಿ ಇವತ್ತು ಬೆಳಗ್ಗೆ ಕಟ್ಟಿದ್ದಾಳೆ ಎಂದು ಬಾಷಾ ಫೋನ್ ಮಾಡಿದ್ದ. ದೀಪದ ಬಗ್ಗೆ ನನಗೆ ಚಿಂತೆಯಿಲ್ಲ. ಮಗನ ಮನಸ್ಸಿನ ಬಗ್ಗೆಯೇ ಚಿಂತೆ. ತನ್ನ ಭಕ್ತಿಯಿಂದಲೇ ತನ್ನ ಕಾರು ಕೆಟ್ಟಿತು ಎಂದು ಮಗಳ ಬಾಯಲ್ಲಿ, ನಾಲ್ಕು ಜನರ ಮುಂದೆ ಕೇಳಿಸಿಕೊಂಡ ಅಪ್ಪ ಏನು ಮಾಡುತ್ತಾನೋ.

ಇಷ್ಟು ಬರೆಯುವ ಹೊತ್ತಿಗೆ ಸಾವಿತ್ರಿ ಬಂದು, "ಬರೆದದ್ದು ಸಾಕು. ಹೂರಣ ರುಬ್ಬಿ ಕೊಡಿ," ಎಂದು ಪೆನ್ನು ಕಿತ್ತುಕೊಂಡಳು. ಮುಂದಿನದನ್ನು ಮಾರನೆಯ ಬೆಳಗ್ಗೆ ಬರೆಯುತ್ತಿದ್ದೇನೆ.

ಹೊತ್ತು ಮುಳುಗಿದ ಮೇಲೆ ನಾನೂ ಸಾವಿತ್ರಿಯೂ ಸೊಸೆ ಸುಜಾತಳೂ ಜಗುಲಿಯ ಮೇಲೆ ಕೂತೆವು. ಚಂದ್ರನಿಲ್ಲದ ಬೀದಿ ಕಪ್ಪಗಿತ್ತು. ಬೀದಿಯ ಕೊನೆಯಲ್ಲಿ ಕಾರು ತಿರುಗಿತು. ಎದುರುಮನೆಯ ಮಗ್ಗದ ಕೋಣೆಯ ಬಿಳಿ ಗೋಡೆಯ ಮೇಲೆ ಬೆಳಕು ಬಿತ್ತು. ಬಿದ್ದದ್ದು ಅಲ್ಲಾಡಲಿಲ್ಲ, ಕುಗ್ಗಲಿಲ್ಲ. ಒಳಗೆ ಏಸಿ ಓಡುತ್ತಿತ್ತು, ಮಳೆಯಿಲ್ಲದೆ ವೈಪರ್ ಆಡುತ್ತಿತ್ತು, ಹಾಡು ಕೇಳುತ್ತಿತ್ತು. ಇದ್ದಬದ್ದ ಸ್ವಿಚ್ಚನ್ನೆಲ್ಲ ಹಾಕಿಸಿಕೊಂಡು ಬಂದಿದ್ದಳು ನನ್ನ ಮೊಮ್ಮಗಳು.

ಮಂಜ ಇಳಿದ. ಕಾಲು ತೊಳೆದುಕೊಂಡ. ಪ್ರತಿ ಅಮಾವಾಸ್ಯೆಯ ಹಾಗೆ ಸುಜಾತ ಅರಿಶಿನ, ಕುಂಕುಮ, ವಿಭೂತಿ, ಕಾಯಿ ಇಟ್ಟ ತಟ್ಟೆ ತಂದಳು. ಅವನು ಬಾನೆಟ್ ಎತ್ತಿದ. ಚೈತ್ರ ನನ್ನ ಪಕ್ಕಕ್ಕೆ ಬಂದು ನಿಂತು ನನ್ನ ತೋಳು ಹಿಡಿದುಕೊಂಡಳು.

ಅವನು ಬಗ್ಗಿ ಬಹಳ ಹೊತ್ತು ಒಳಗೆ ನೋಡಿದ. ಟಾರ್ಚು ಹಾಕಿ ಆ ಹೊಸ ತಾಮ್ರದ ಪಟ್ಟಿಯನ್ನೇ ನೋಡುತ್ತಿದ್ದ ಎಂದು ಕಾಣುತ್ತದೆ. ಆಮೇಲೆ ಬಾನೆಟ್ ಇಳಿಸಿ ಅದರ ಮೇಲೆ ಮೂರು ಬೆರಳು ವಿಭೂತಿ ಎಳೆದ. ಕಾಯಿ ತೆಗೆದುಕೊಂಡು ಕಾರು ಬಿಟ್ಟು ಮುಂದೆ, ಬೀದಿಯ ನಡುವಿನ ಕಲ್ಲಿನವರೆಗೆ ನಡೆದುಹೋಗಿ ಒಡೆದ. ನೀರು ಮಣ್ಣಿಗೆ ಹೋಯಿತು. ದೀಪದ ಬೆಳಕಿನಲ್ಲಿ ಎರಡು ಹೋಳೂ ಬೆಳ್ಳಗೆ ಹೊಳೆದವು. ಒಂದನ್ನು ತಾಯಿಗೆ ಕೊಟ್ಟ, ಇನ್ನೊಂದನ್ನು ಮಗಳ ಕೈಗೆ ಕೊಟ್ಟ.

"ದಾರೀಲಿ ಎಷ್ಟು ಸಲ ನನ್ನ ಕಾಲು ನೋಡಿದ್ಳು ಕೇಳಪ್ಪಾ," ಅಂದ ನನಗೆ.

"ಒಂದು ಸಲಾನೂ ಇಲ್ಲ ತಾತಾ," ಅಂದಳು ಅವಳು. "ನಿದ್ದೆ ಮಾಡ್ಬುಟ್ಟಿದ್ದೆ."

"ಹೂಂ. ಗೊರಕೆ ಬೇರೆ. ನಾನೊಬ್ನೇ ದೀಪ ನೋಡ್ಕಂಡು ಬಂದೆ. ಇವತ್ತು ಎತ್ತಿನ ಗಾಡಿ ಏನು, ರೋಡ್ ದಾಟೋ ಮುಂಗುಸಿ ಸಮೇತ ಕಾಣ್ತು."

ಸಾವಿತ್ರಿ ಆ ಕಾಯಿಯನ್ನು ತುರಿದು ಪಲ್ಯಕ್ಕೆ ಹಾಕಿದಳು. ಎಲ್ಲರಿಗೂ ಪಡಸಾಲೆಯಲ್ಲೇ ಎಲೆ ಹಾಕಿದೆವು. ಚಿತ್ರಾನ್ನ, ಹುರುಳಿಕಾಯಿ ಪಲ್ಯ, ಬೇಳೆಕಟ್ಟಿನ ಸಾರು, ತುಪ್ಪ ಸವರಿದ ಹೋಳಿಗೆ. ಬಡಿಸಿ ಕೊನೆಗೆ ಉಣ್ಣುವ ಸಾವಿತ್ರಿಯನ್ನೂ ಚೈತ್ರ ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಮಂಜ ಎಲೆಯ ಮುಂದೆ ಕೂತವನು ಉಣ್ಣುವ ಮೊದಲು ಜೇಬಿನಿಂದ ಕೀಲಿಯ ಬಳೆ ತೆಗೆದ. ಅದು ಬಿಗಿಯಾಗಿತ್ತು. ಹಲ್ಲಿನಲ್ಲಿ ಕಚ್ಚಿ ಬಿಡಿಸಿ, ಅಂಗಡಿಯ ಬೀಗದ ಕೈಯನ್ನು ಮಗಳ ಎಲೆಯ ಪಕ್ಕದಲ್ಲಿಟ್ಟ.

"ನಾಳೆ ಶಟರ್ ಎತ್ತೋಕೆ ನಾನೂ ಬತ್ತೀನಿ," ಅಂದ. "ಕಾಯಿ ಎಲ್ಲಿ ಒಡೀಬೇಕು ಅಂತ ನೀನೇ ಹೇಳಮ್ಮಾ. ನಾನು ಒಡೆದ್ರೆ ಕಿಲುಬು ಹಿಡೀತದೆ."

ಸುಜಾತ ಮೊದಲು ನಕ್ಕಳು. ಆಮೇಲೆ ಎಲ್ಲರೂ ನಕ್ಕೆವು, ಮಂಜ ಎಲ್ಲರಿಗಿಂತ ಜೋರಾಗಿ. ಚೈತ್ರನ ಕಣ್ಣು ತುಂಬಿತ್ತು. ಅವಳು ಬೀಗದ ಕೈಯನ್ನು ಮುಟ್ಟಲಿಲ್ಲ, ಎಡಗೈಯಲ್ಲಿ ಮುಟ್ಟಬಾರದೆಂದೋ ಏನೋ. ಬಲಗೈಯಿಂದ ತನ್ನ ಎಲೆಯ ಹೋಳಿಗೆಯನ್ನು ಅರ್ಧ ಮುರಿದು ಅಪ್ಪನ ಎಲೆಗೆ ಹಾಕಿ, "ಮೊದ್ಲು ಉಣ್ಣಪ್ಪಾ, ಆರೋಯ್ತದೆ," ಅಂದಳು. ಉಂಡೆವು.